ಮೂರು ಊರಲ್ಲಿ ಕೊಟ್ಟ ಒಂದೇ ಸೈಕಲ್ಲು

ನಮ್ಮ ಕಾಕಾನಿಗೆ ಒಂದೇ ದಿನ ಮೂರು ಊರುಗಳಲ್ಲಿ ಮೂರು ಗಾಲಿಯ ಸೈಕಲ್ಲು ಕೊಟ್ಟರು. ಸೈಕಲ್ಲು ಮಾತ್ರ ಒಂದೇ. ಇದನ್ನು ಹೇಳಿದಾಗ ಕೇಳುವವರು ನಾನು ಕಟ್ಟಿ ಹೇಳುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಪುರಾವೆ ಇಲ್ಲದ್ದನ್ನು ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಹಾಗಾಗಿ ಒಮ್ಮೊಮ್ಮೆ ನನಗೂ ಅನುಮಾನ ಬರುತ್ತದೆ. ಆದರೆ ಮನೆಯಲ್ಲಿ ಎರಡು ಫೋಟೊ ಇವೆ. ಎರಡರಲ್ಲೂ ಕಾಕಾ ಸಿಟ್ಟಿನಲ್ಲಿದ್ದಾನೆ.

ಕಾಕಾನಿಗೆ ಚಿಕ್ಕಂದಿನಿಂದ ಕಾಲಿನಲ್ಲಿ ಶಕ್ತಿಯಿಲ್ಲ. ಸಿಂಧನೂರಿನ ಹತ್ತಿರದ ನಮ್ಮೂರು ಸಾಲಗುಂದದಲ್ಲಿ, ಬಸ್ಸು ನಿಲ್ಲುವ ಕಡೆ ಗಡಿಯಾರ, ಟಾರ್ಚು, ಮೊಬೈಲು ರಿಪೇರಿ ಮಾಡುತ್ತಾನೆ. ಬೆಳಿಗ್ಗೆ ಅಂಗಡಿಗೆ, ಸಂಜೆ ಮನೆಗೆ ಅವನನ್ನು ಯಾರಾದರೂ ಹೊತ್ತುಕೊಂಡು ಹೋಗಬೇಕಿತ್ತು. ನಾನೂ ಹೊತ್ತವನೇ. ಅವನು ಹಗುರ, ಆದರೆ ಹೊತ್ತಷ್ಟು ಹೊತ್ತೂ ಬಯ್ಯುತ್ತಿದ್ದ. ಸೈಕಲ್ಲಿಗೆ ಅರ್ಜಿ ಹಾಕಿದ ದಿನ ಅವನು ಹೇಳಿದ್ದು ಇಷ್ಟೇ: "ಇನ್ ನನ್ನ ಯಾರೂ ಎತ್ತಬಾರ್ದು."

ಲಿಂಗಸುಗೂರಿಗೆ ಬರಬೇಕೆಂದು ಸರ್ಕಾರಿ ಕಚೇರಿಯಿಂದ ಫೋನು ಬಂತು, ನಾನೂ ಜೊತೆಗೆ ಹೋದೆ. ಮಾರ್ಚ್ ತಿಂಗಳ ಕೊನೆ, ಬೆಳಿಗ್ಗೆ ಹತ್ತಕ್ಕೇ ಬೆಂಕಿ ಬಿಸಿಲು. ಶಾಮಿಯಾನದ ಕೆಳಗೆ ಎತ್ತರದ ವೇದಿಕೆ, ಅದರ ಮೇಲೆ ಹೂವಿನ ಹಾರ ಹಾಕಿಕೊಂಡ ಸೈಕಲ್ಲು. ನಾಲ್ಕು ಜನ ಕಾಕಾನನ್ನು ಎತ್ತಿ ಮೇಲೆ ಕೂರಿಸಿದರು. ಕೊಟ್ಟರು, ಚಪ್ಪಾಳೆ ಹೊಡೆದರು, ಫೋಟೊ ತೆಗೆದರು, ಮತ್ತೆ ಎತ್ತಿ ಇಳಿಸಿದರು. ಆಮೇಲೆ ಸೈಕಲ್ಲನ್ನು ಗೂಡ್ಸ್ ಆಟೊಗೆ ಹಾಕಿದರು.

"ಅದನ್ಯಾಕ ಒಯ್ತೀರಿ?" ಎಂದ ಕಾಕಾ.

ಕಾರ್ಯಕ್ರಮದ ಉಸ್ತುವಾರಿ ಹೊತ್ತಿದ್ದ ಗುಮಾಸ್ತ ಬೆವರು ಒರೆಸಿಕೊಂಡ. "ಮೂರು ತಾಲೂಕಿಗೆ ಕೂಡಿ ಒಂದ ಗಾಡಿ ಬಂದೈತ್ರಿ. ಉಳಿದವು ಹಿಂದಿಂದ ಬರ್ತಾವ. ಕಾರ್ಯಕ್ರಮ ಮೂರೂ ಕಡೆ ಇವತ್ತ ಆಗ್ಬೇಕು, ಇಲ್ಲಂದ್ರ ಅನುದಾನ ವಾಪಸ್ ಹೋಗ್ತೈತಿ. ಈಗ ಮಸ್ಕಿ, ಸಂಜಿಗೆ ಸಿಂಧನೂರು. ನೀವೂ ಹತ್ರಿ."

"ಅಲ್ಲೂ ನಾನ ಯಾಕ? ಆ ಊರಾಗ ಕುಂಟ್ರಿಲ್ಲೇನು?"

"ಗಾಡಿ ನಿಮ್ಮ ಹೆಸರಿಗೆ ಬಂದೈತ್ರಿ. ಬ್ಯಾರೇದವ್ರ ಕೈಗೆ ಕೊಟ್ರ ಸುಳ್ಳಾಗ್ತೈತಿ."

ಅವನ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಅಂಥ ಪ್ರಾಮಾಣಿಕ ಅವನು. ಕಾಕಾನನ್ನೂ ಎತ್ತಿ ಆಟೊದಲ್ಲಿ ಸೈಕಲ್ಲಿನ ಪಕ್ಕ ಕೂರಿಸಿದರು. ದಾರಿಯುದ್ದಕ್ಕೂ ಅವನು ಅದರ ಹ್ಯಾಂಡಲ್ ಬಿಡಲಿಲ್ಲ.

ಮಸ್ಕಿಯಲ್ಲಿ ಕಾಕಾನಿಗೆ ಶಾಲು ಹೊದಿಸಿದರು. ಅಥವಾ ಶಾಲು ಲಿಂಗಸುಗೂರಿನದೋ. ಕಾಕಾ ಹಾಗೇ ಹೇಳುತ್ತಾನೆ, ಫೋಟೊದಲ್ಲಿ ಎರಡೂ ಕಡೆ ಶಾಲಿಲ್ಲ. ಆದರೆ ಊರುಗೋಲು ಹಿಡಿದ ಒಬ್ಬ ಹೆಣ್ಣುಮಗಳು ಬಂದು ಸೀಟು ಮುಟ್ಟಿ ನೋಡಿದ್ದು ನನಗೆ ಖಾತ್ರಿಯಾಗಿ ನೆನಪಿದೆ. ಅವಳ ಅರ್ಜಿಯೂ ಮಂಜೂರಾಗಿತ್ತು. ಅವಳು ಅಂದು ಚಪ್ಪಾಳೆ ಹೊಡೆಯಲು ಬಂದಿದ್ದಳು.

"ಬ್ರೇಕ್ ಚಲೋ ಅದಾವೇನ್ರಿ ಕಾಕಾ?"

"ಯಾರಿಗೆ ಗೊತ್ತವ್ವ! ಒಂದ್ ಮಾರು ಓಡ್ಸಾಕ ಬಿಟ್ಟಿಲ್ಲ. ಬೆಳಗಿಂದ ಹತ್ತಸ್ತಾರ, ಇಳಸ್ತಾರ. ನನ್ನ ಜಲ್ಮದಾಗ ಇಷ್ಟು ಮಂದಿ ನನ್ನ ಎತ್ತಿಲ್ಲ."

ಅವಳು ನಕ್ಕಳು. ಕಾಕಾ ನಗಲಿಲ್ಲ.

ಸಿಂಧನೂರಿನಲ್ಲಿ ಆಟೊ ನಿಂತ ಕೂಡಲೇ ಕಾಕಾ ನನ್ನ ಕಿವಿಯಲ್ಲಿ ಹೇಳಿದ: "ಎಂಎ ಸಾಹೇಬ, ಮೊದ್ಲು ಗಾಡಿ ಇಳಸು. ನನ್ನ ಸೀದಾ ಅದರಾಗ ಕುಂದ್ರಸು. ನನ್ನ ಎತ್ತೋದು ಇದ ಕಡೀದು." ಹಾಗೇ ಮಾಡಿದೆ. ವೇದಿಕೆಯಿಂದ ನಾಲ್ವರು ಬಂದು ಅವನ ಕಂಕುಳಿಗೆ ಕೈ ಹಾಕಲು ಬಗ್ಗಿದರು. ಕಾಕಾ ಹ್ಯಾಂಡಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ.

"ಒಲ್ಲೆ. ಎತ್ತೋದಿದ್ರ ಮ್ಯಾಲ್ ಕುಂತವ್ರನ್ನ ಎತ್ಕೊಂಡ್ ಬರ್ರಿ."

ಗುಮಾಸ್ತ ಕೈಮುಗಿದ. "ಯಜಮಾನ್ರ, ಫೋಟೊದಾಗ ಬ್ಯಾನರ್ ಬರ್ಬೇಕ್ರಿ. ಬ್ಯಾನರ್ ಮ್ಯಾಲೈತಿ."

"ಬಿಚ್ಕೊಂಡ್ ಬರ್ರಿ. ಅದಕ್ಕೇನ್ ಕಾಲು ಬೇಕಾಗಿಲ್ಲ."

ಬಹಳ ಹೊತ್ತು ಚರ್ಚೆ ನಡೆಯಿತು. ಕೊನೆಗೆ ಇಬ್ಬರು ಆಳುಗಳು ವೇದಿಕೆಯ ಹಿಂದಿನ ಬ್ಯಾನರನ್ನು ಬಿಚ್ಚಿ ತಂದು ಕಾಕಾನ ಬೆನ್ನ ಹಿಂದೆ ಎಳೆದು ಹಿಡಿದರು. ಗಣ್ಯರು ಒಬ್ಬೊಬ್ಬರಾಗಿ ಮೆಟ್ಟಿಲಿಳಿದು ಬಂದು ಸಾಲಾಗಿ ನಿಂತರು. ಫೋಟೊಗ್ರಾಫರ್ ಕ್ಯಾಮೆರಾ ಸರಿಮಾಡಿಕೊಳ್ಳುತ್ತಿರುವಾಗಲೇ ಕಾಕಾ ಕೈಪೆಡಲು ತಿರುಗಿಸಿದ. ಸೈಕಲ್ಲು ಗಣ್ಯರ ನಡುವಿನಿಂದ ಮುಂದೆ ಹೊರಟಿತು. ನಿಲ್ಲಿರೆಂದು ಯಾರೂ ಹೇಳದ್ದರಿಂದ ಬ್ಯಾನರ್ ಹಿಡಿದ ಇಬ್ಬರೂ ಅವನ ಹಿಂದೆ ನಡೆದರು. ಬ್ಯಾನರಿನ ಹಿಂದೆ ಗುಮಾಸ್ತ, ಅವನ ಹಿಂದೆ ಸಹಿ ಮಾಡಿಸುವ ಪುಸ್ತಕ ಹಿಡಿದ ನಾನು. ಆ ಪುಸ್ತಕ ನನ್ನ ಕೈಗೆ ಹೇಗೆ ಬಂತೋ ಇವತ್ತಿಗೂ ತಿಳಿದಿಲ್ಲ. ಗೇಟಿನ ತನಕ ಹೀಗೇ ಹೋದೆವು. ಬ್ಯಾನರಿನ ಸಂಗತಿ ಪೂರಾ ಸುಳ್ಳು ಎನ್ನುತ್ತಾನೆ ಕಾಕಾ. ಅವನು ಹಿಂದೆ ತಿರುಗಿ ನೋಡಲೇ ಇಲ್ಲವಲ್ಲ.

ಗೇಟಿನಲ್ಲಿ ಸಹಿ ಹಾಕಿ ಅವನು ರಸ್ತೆಗಿಳಿದ. ಭತ್ತದ ಲಾರಿಗಳ ಪಕ್ಕದಲ್ಲೇ ಊರ ಕಡೆ ತಿರುಗಿಸಿದ. ಕಾಲುವೆಯ ಸೇತುವೆಗೆ ಏರು ಬಂತು, ಅವನ ತೋಳು ನಡುಗತೊಡಗಿದವು. ನಾನು ಸುಮ್ಮನೆ ಹಿಂದಿನಿಂದ ಸೀಟಿಗೆ ಕೈ ಕೊಟ್ಟೆ.

"ಕೈ ತೆಗಿಲೇ," ಎಂದ.

ತೆಗೆದೆ. ಸೈಕಲ್ಲು ಒಂದು ಗೇಣು ಹಿಂದೆ ಜಾರಿತು, ನಿಂತಿತು, ಆಮೇಲೆ ಮೆಲ್ಲಗೆ ಏರತೊಡಗಿತು.