ಕಟ್ ಆಂಜಿನಪ್ಪನ ನಿವೃತ್ತಿಗಳು

ಮೊನ್ನೆ ಚಿಕ್ಕಬಳ್ಳಾಪುರದಲ್ಲಿ ಶಿಡ್ಲಘಟ್ಟದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದೆ. ಪಕ್ಕದ ಸೀಟಿಗೆ ಬಂದ ಹಿರಿಯರೊಬ್ಬರು ಪಂಚೆಯನ್ನು ಮೊಣಕಾಲಿನ ತನಕ ಸರಿಸಿ, ಚೀಲದಿಂದ ಪುಟ್ಟ ಸೀಸೆಯೊಂದನ್ನು ತೆಗೆದು, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳತೊಡಗಿದರು. ಕರ್ಪೂರ, ನೀಲಗಿರಿ, ಅದರ ಮೇಲೆ ಹೆಸರು ಹೇಳಲಾಗದ ಇನ್ನೇನೋ ಒಂದು ಘಾಟು. ಮುಂದಿನ ಸೀಟಿನ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಹೂವಿನಂಗಡಿಯ ಮುಂದೆ ನಿಂತವಳಂತೆ ದೀರ್ಘವಾಗಿ ಉಸಿರೆಳೆದುಕೊಂಡೆ. ನಿಮ್ಮ ಮನೆಯಲ್ಲಿ ಭಾನುವಾರಕ್ಕೆ ಯಾವ ವಾಸನೆಯಿತ್ತೋ ನನಗೆ ತಿಳಿಯದು. ಬೇಸಿಗೆ ರಜೆಯಲ್ಲಿ ನಾನು ಕಳೆದ ಭಾನುವಾರಗಳಿಗೆಲ್ಲ ಇದೇ ವಾಸನೆ. ಅದು ಆಟಕ್ಕೆ ಹೊರಡುವ ಮುನ್ನ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಆಂಜಿನಪ್ಪ ಮಾವನ ವಾಸನೆ.

ಹೊರಟಿದ್ದದ್ದೂ ಅವನ ಮನೆಗೇ. ಅದಕ್ಕೊಂದು ಕಾರಣವೂ ಇತ್ತು. ಹೋದ ತಿಂಗಳು ನಾನು ಮೇಷ್ಟ್ರ ಕೆಲಸದಿಂದ ನಿವೃತ್ತಳಾದೆ. ಅಂದಿನಿಂದ ಮನೆಯಲ್ಲಿ ಯಾರೂ ನನ್ನ ಜೊತೆ ಜಗಳವಾಡುತ್ತಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೂ ಮಗ ಚೆನ್ನಾಗಿದೆಯಮ್ಮ ಎಂದು ಉಣ್ಣುತ್ತಾನೆ. ಸೊಸೆ ನನ್ನ ಕೈಯಿಂದ ಖಾಲಿ ಬಿಂದಿಗೆಯನ್ನೂ ಕಸಿದುಕೊಳ್ಳುತ್ತಾಳೆ. ಎಲ್ಲರೂ ಆಸ್ಪತ್ರೆಯಲ್ಲಿ ಮಾತಾಡಿದ ಹಾಗೆ ಮೆಲ್ಲಗೆ ಮಾತಾಡುತ್ತಾರೆ. ನಿವೃತ್ತಿಯ ವಿಷಯದಲ್ಲಿ ನಮ್ಮ ವಂಶದಲ್ಲಿ ಅನುಭವಸ್ಥ ಎಂದರೆ ಆಂಜಿನಪ್ಪ ಮಾವನೊಬ್ಬನೇ. ಅವನನ್ನು ಕೇಳೋಣ ಎಂದುಕೊಂಡೆ.

ಮಾವ ನನ್ನ ಅಮ್ಮನ ಕೊನೆಯ ತಮ್ಮ, ಶಿಡ್ಲಘಟ್ಟದ ಹತ್ತಿರದ ಜಂಗಮಕೋಟೆಯವನು. ಆಡುತ್ತಿದ್ದದ್ದು ಬಾಲ್ ಬ್ಯಾಡ್ಮಿಂಟನ್. ಈಗಿನವರಿಗೆ ಬ್ಯಾಡ್ಮಿಂಟನ್ ಎಂದರೆ ಗರಿಯ ಶಟಲ್ಲು, ಒಳಾಂಗಣ, ಬೂಟುಗಳ ಕೀಚುಕೀಚು ಸದ್ದು. ಇದು ಅದಲ್ಲ. ಬಟ್ಟ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು, ನಡುವೆ ಬಲೆ ಕಟ್ಟಿ, ಒಂದೊಂದು ಕಡೆಗೆ ಐದೈದು ಜನ ನಿಂತು, ಹಳದಿ ಉಣ್ಣೆಯ ಚೆಂಡನ್ನು ಬ್ಯಾಟಿನಿಂದ ಬಡಿದಾಡುವ ಆಟ. ಒಂದು ಕಾಲಕ್ಕೆ ನಮ್ಮ ಕಡೆ ಹೈಸ್ಕೂಲು ಇದ್ದ ಊರಿಗೆಲ್ಲ ಒಂದು ತಂಡವಿರುತ್ತಿತ್ತು. ಈ ಆಟದಲ್ಲಿ 'ಕಟ್' ಎಂಬ ಒಂದು ಹೊಡೆತವಿದೆ. ಚೆಂಡಿನ ಹೊಟ್ಟೆಯ ಕೆಳಗೆ ಬ್ಯಾಟನ್ನು ಸವರಿದಂತೆ ಆಡಿಸಿದರೆ ಅದು ಬಲೆ ದಾಟಿ, ಗಿರಗಿರನೆ ತಿರುಗಿ, ಎದುರಿನವನು ಎಲ್ಲಿಗೆ ಕೈ ಚಾಚಿದ್ದಾನೋ ಅಲ್ಲಿಂದ ಒಂದು ಗೇಣು ಆಚೆ ಇಳಿಯುತ್ತದೆ. ಮಾವನ ಹೆಸರಿಗೆ ಮುಂದೆ ಅಂಟಿಕೊಂಡದ್ದು ಆ ಹೊಡೆತವೇ.

ಆ ಕೈಚಳಕ ಎಲ್ಲಿಂದ ಬಂತು ಎಂಬುದರ ಬಗ್ಗೆ ಮನೆಯಲ್ಲಿ ಎರಡು ಪಕ್ಷಗಳಿದ್ದವು. ನಮ್ಮದು ರೇಷ್ಮೆ ಹುಳು ಸಾಕುತ್ತಿದ್ದ ಮನೆ. ಮರಿ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಕತ್ತರಿಸಿಯೇ ಅವನ ಮಣಿಕಟ್ಟು ಪಳಗಿತು ಎಂದು ತಾತ ಹೇಳುತ್ತಿದ್ದರು. ಅವನು ಸೊಪ್ಪು ಕತ್ತರಿಸಿದ್ದನ್ನು ತಾನು ಕಂಡೇ ಇಲ್ಲ, ಆ ಹೊತ್ತಿಗೆ ಸರಿಯಾಗಿ ಬ್ಯಾಟು ಹಿಡಿದು ಓಡಿಹೋಗುತ್ತಿದ್ದುದರಿಂದಲೇ ಆಟ ಬಂತು ಎಂದು ಅಮ್ಮ. ಅವನ ಪಾಲಿನ ಸೊಪ್ಪನ್ನೂ ಕತ್ತರಿಸಿದವಳು ಅವಳೇ ಆದ್ದರಿಂದ ನಾನು ಅಮ್ಮನ ಪಕ್ಷ.

ಅವನಿಗೆ ಹೆಣ್ಣು ನೋಡಿದ್ದು ಗೌರಿಬಿದನೂರಿನಲ್ಲಿ. ಅಲ್ಲೇ ಅವತ್ತು ಪಂದ್ಯಾವಳಿಯೂ ಇತ್ತು. ಇದು ಕಾಕತಾಳೀಯವೆಂದು ಮಾವ ಇವತ್ತಿಗೂ ಸಾಧಿಸುತ್ತಾನೆ. ಬೆಳಿಗ್ಗೆ ಒಂದು ಆಟ ಮುಗಿಸಿ, ಚಡ್ಡಿಯ ಮೇಲೆ ಪಂಚೆ ಸುತ್ತಿಕೊಂಡು ಹೆಣ್ಣಿನ ಮನೆಗೆ ಬಂದ. ಹುಡುಗನ ಬಗ್ಗೆ ಮೊದಲೇ ವಿಚಾರಿಸಿದ್ದ ಯಾರೋ, ಶಿಡ್ಲಘಟ್ಟದ ಕಡೆ ಎಲ್ಲರೂ ಕಟ್ ಆಂಜಿನಪ್ಪ ಎಂದೇ ಕರೆಯುತ್ತಾರೆ ಎಂದಿದ್ದರಂತೆ. ಹೆಣ್ಣಿನ ಅಜ್ಜಿ ಅವನನ್ನು ಹತ್ತಿರ ಕೂರಿಸಿಕೊಂಡು, ಅಂಗಡಿ ಸ್ವಂತದ್ದೋ ಬಾಡಿಗೆಯದೋ, ಹೆಂಗಸರ ರವಿಕೆಯನ್ನೂ ಹೊಲಿಯುತ್ತೀಯೋ ಎಂದು ವಿಚಾರಿಸಿದರು. ಮಾವನ ತಲೆಯೆಲ್ಲ ಮಧ್ಯಾಹ್ನದ ಆಟದಲ್ಲಿತ್ತು. ಏನು ಕೇಳಿದರೂ ಹೂಂ ಎಂದ. ಮದುವೆಯಾಗಿ ಬಂದ ಅತ್ತೆ ಪೆಟ್ಟಿಗೆಯಲ್ಲಿ ಹೊಲಿಯದ ರವಿಕೆ ಬಟ್ಟೆಗಳನ್ನು ಮಡಿಸಿ ತಂದಿದ್ದಳು.

ಮಾವನಿಗೆ ಸರ್ಕಾರಿ ಗುಮಾಸ್ತನ ಕೆಲಸ ಸಿಕ್ಕಿತು, ಅದೂ ಚಿಂತಾಮಣಿಯಲ್ಲಿ. ಚಿಂತಾಮಣಿ ಎಂದರೆ ಬಲೆಯ ಆಚೆಯ ಊರು, ಜಂಗಮಕೋಟೆಯ ಬದ್ಧ ಎದುರಾಳಿ. ದಿನಾ ಬಸ್ಸಿನಲ್ಲಿ ಹೋಗಿಬರುವ ಬದಲು ನಮ್ಮ ಊರಿನಲ್ಲೇ ಮನೆ ಮಾಡಿ ನಮ್ಮ ತಂಡಕ್ಕೇ ಆಡಬಾರದೇ ಎಂದು ಅವನ ಸಾಹೇಬರು ಒತ್ತಾಯಿಸಿದರಂತೆ. ಮಾವ ಎದ್ದು ನಿಂತು ಹೇಳಿದನಂತೆ: "ಕೂತ್ಕೊಳ್ಳೋ ಕುರ್ಚಿ ಚಿಂತಾಮಣೀದು ಸಾರ್. ನಿಂತ್ಕೊಳ್ಳೋ ಕೋರ್ಟು ಜಂಗಮಕೋಟೇದು." ಆ ಮಾತಿನಿಂದಾಗಿ ಅವನ ಕುರ್ಚಿಯನ್ನು ಬಹಳ ಕಾಲ ಫ್ಯಾನಿನ ಗಾಳಿ ಬಾರದ ಮೂಲೆಗೆ ಹಾಕಿದ್ದರು.

ಆ ಊರಿನ ತಂಡದಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದವರು ಖಾದರ್ ಸಾಬರು. ತರಕಾರಿ ಮಂಡಿಯಲ್ಲಿ ಟೊಮೆಟೊ ವ್ಯಾಪಾರ. ತುಂಬಿದ ಮೈಯ ಮನುಷ್ಯ, ನೋಡಿದರೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದೂ ಕಷ್ಟ ಎನ್ನಿಸುತ್ತಿತ್ತು. ಆದರೆ ಎರಡು ತಾಲ್ಲೂಕಿನಲ್ಲಿ ಮಾವನ ಕಟ್ಟನ್ನು ಎತ್ತಬಲ್ಲವರು ಅವರೊಬ್ಬರೇ. ಚೆಂಡು ಇನ್ನೇನು ಮಣ್ಣಿಗೆ ಮುಟ್ಟಿತು ಎನ್ನುವಾಗ, ಬುಟ್ಟಿಯಿಂದ ಉರುಳಿದ ಹಣ್ಣನ್ನು ಎತ್ತುವ ಹಾಗೆ ಎತ್ತಿ ವಾಪಸು ಕಳಿಸಿಬಿಡುತ್ತಿದ್ದರು. ಆ ಮನುಷ್ಯನಿಗೆ ಇರುವುದು ಸೊಂಟವಲ್ಲ, ಬಾಗಿಲಿನ ಕೀಲು ಎಂದು ಮಾವ ಹಲ್ಲು ಕಡಿಯುತ್ತಿದ್ದ. ಇಬ್ಬರೂ ವರ್ಷಗಟ್ಟಲೆ ಎದುರುಬದುರು ಆಡಿದರೂ ಮಾತು ಅಷ್ಟಕ್ಕಷ್ಟೇ. ಚಿಂತಾಮಣಿ ಗೆದ್ದರೆ ಮರುದಿನ ಸೋಮವಾರ ಮಾತ್ರ ಖಾದರ್ ಸಾಬರು ಮಾವನ ಕಚೇರಿಗೆ ತಪ್ಪದೆ ಒಂದು ಬುಟ್ಟಿ ಟೊಮೆಟೊ ಕಳಿಸುತ್ತಿದ್ದರು, ಜೊತೆಯಲ್ಲಿ ಒಂದು ಮಾತೂ ಇಲ್ಲದೆ. ಅತ್ತೆಗೆ ಆಟದ ತಲೆಬುಡ ತಿಳಿಯದು. ಸಂಜೆ ಮಾವ ಬಸ್ಸಿಳಿದು ಬರುವಾಗ ಕೈ ನೋಡುತ್ತಿದ್ದಳು. ಬುಟ್ಟಿ ಕಂಡರೆ ಏನೂ ಕೇಳದೆ ಗೊಜ್ಜಿಗೆ ಒಗ್ಗರಣೆ ಇಡುತ್ತಿದ್ದಳು. ಮಾವ ಅದನ್ನು ಸಿಟ್ಟಿನಿಂದಲೇ ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದ.

ಇನ್ನು ಅವನ ನಿವೃತ್ತಿಗಳ ಸಂಗತಿ. ಮೊದಲನೆಯದು ಮಂಡಿ ಊದಿಕೊಂಡಾಗ. ಶಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿ, ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟರು. ಭಾಷಣಕ್ಕೆ ಬಂದ ಹಿರಿಯರು ಅಭ್ಯಾಸಬಲದಿಂದ, ಆಂಜಿನಪ್ಪನವರು ಸರಳಜೀವಿಗಳಾಗಿದ್ದರು, ಎಲ್ಲರೊಡನೆ ನಗುನಗುತ್ತಾ ಬೆರೆಯುತ್ತಿದ್ದರು, ಅವರು ಬಿಟ್ಟುಹೋದ ಜಾಗವನ್ನು ತುಂಬುವುದು ಕಷ್ಟ ಎಂದೆಲ್ಲ ಹೇಳುತ್ತಾ ಹೋದರು. ಪಕ್ಕದಲ್ಲೇ ಕೂತಿದ್ದ ಮಾವ ಒಂದೆರಡು ಬಾರಿ ಕೆಮ್ಮಿ ನೋಡಿದ. ಹಿರಿಯರು ಸಭಿಕರನ್ನು ಎದ್ದುನಿಲ್ಲಲು ಕೇಳಿಬಿಡುತ್ತಾರೇನೋ ಎಂದು ಅವನಿಗೆ ದಿಗಿಲಾಯಿತಂತೆ. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಕೋರ್ಟಿನಲ್ಲಿದ್ದ.

ಎರಡನೆಯದು ಕನ್ನಡಕ ಬಂದಾಗ. ಮತ್ತೆ ಶಾಮಿಯಾನ, ಮತ್ತೆ ಶಾಲು. ತಂಡದಲ್ಲಿ ಒಬ್ಬನಿಗೆ ಜ್ವರ ಬಂತೆಂದು ಹದಿನೈದು ದಿನದಲ್ಲಿ ವಾಪಸಾದ. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿಕೊಂಡು ಆಡಿದ. ಮೂರನೆಯ ಸಲ ನಿವೃತ್ತಿ ಘೋಷಿಸಿದಾಗ ತಂಡದ ಸಮಿತಿಯವರು ಹುಷಾರಾಗಿದ್ದರು. ಹಿತ್ತಿಲ ಬಾಗಿಲಿನಿಂದ ಅತ್ತೆಯ ಹತ್ತಿರ ಹೋಗಿ, ಹಿಂದೆ ಕೊಟ್ಟ ಶಾಲನ್ನೇ ಈಸಿಕೊಂಡು ಬಂದು ಹೊದಿಸಿದರು. ಮಾವ ಶಾಲಿನ ಅಂಚನ್ನು ಮೂಗಿಗೆ ಹಿಡಿದು, "ನಮ್ಮನೆ ಬೀರೂ ವಾಸನೆ ಬರ್ತೈತಲ್ಲ" ಎಂದ. ಸಮಿತಿಯವರು ಜೋರಾಗಿ ಚಪ್ಪಾಳೆ ತಟ್ಟಿದರು. ಆ ನಿವೃತ್ತಿ ಒಂದು ವಾರವೂ ಬಾಳಲಿಲ್ಲ.

ಕಡೆಯ ಆಟ ನಡೆದದ್ದು ಅವನಿಗೆ ಐವತ್ತು ದಾಟಿದ ಮೇಲೆ, ಜಂಗಮಕೋಟೆಯಲ್ಲೇ. ಅಷ್ಟು ಹೊತ್ತಿಗೆ ಅವನ ಮೇಲಿನ ಸಾಲಿನ ಹಲ್ಲುಗಳೆಲ್ಲ ಕಟ್ಟಿಸಿದವು. ಫೈನಲ್ಲು, ಎದುರಿಗೆ ಚಿಂತಾಮಣಿ. ಕಡೆಯ ಗೇಮು, ಇಬ್ಬರೂ ಸಮಸಮ, ಇನ್ನೊಂದೇ ಪಾಯಿಂಟು ಬಾಕಿ. ನಾನೂ ಅತ್ತೆಯ ಪಕ್ಕ ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಚೆಂಡು ಎತ್ತರಕ್ಕೆ ಬಂತು. ಬೇರೆ ಯಾರೂ ಮುಟ್ಟಬಾರದೆಂದು ಮಾವ ಬಾಯಿ ಅಗಲಿಸಿ "ನಂದೂ" ಎಂದು ಕೂಗಿ, ಮೈಯ ಬಲವನ್ನೆಲ್ಲ ಹಾಕಿ ಕಟ್ ಹೊಡೆದ. ಚೆಂಡು ಬಲೆಯ ಮೇಲಿನಿಂದ ಹೋಯಿತು. ಹಲ್ಲಿನ ಸೆಟ್ಟು ಬಲೆಯ ಕೆಳಗಿನಿಂದ ಹೋಯಿತು.

ಎರಡನ್ನೂ ಒಟ್ಟಿಗೆ ನೋಡಿದ ಖಾದರ್ ಸಾಬರು ಜೀವನದಲ್ಲಿ ಮೊದಲ ಸಲ ಚೆಂಡನ್ನು ಎತ್ತಲಿಲ್ಲ.

ಅಂಪೈರು ಪಾಯಿಂಟು ಕೊಡಲು ಕೈ ಎತ್ತಿದವರು ಹಾಗೇ ನಿಂತರು. ಚಿಂತಾಮಣಿಯವರು ಮುತ್ತಿಕೊಂಡರು. ಆಟಗಾರನ ಮೈ ಎದುರಾಳಿಯ ಅಂಕಣಕ್ಕೆ ಹೋದರೆ ತಪ್ಪು, ಹಲ್ಲು ಮೈಯ ಭಾಗ, ಆದ್ದರಿಂದ ಪಾಯಿಂಟು ತಮ್ಮದು ಎಂದರು. ಜಂಗಮಕೋಟೆಯವರು ಬಿಡಲಿಲ್ಲ. ತೆಗೆದು ತೊಳೆದಿಡುವ ವಸ್ತು ಮೈಯ ಭಾಗ ಹೇಗಾಗುತ್ತದೆ, ಅದು ಬರೀ ಸಾಮಾನು ಎಂದರು. ವಾದಿಸಬೇಕಾದ ಮಾವನಿಗೋ ಬಾಯಿ ಬಿಟ್ಟರೆ ಬರೀ ಗಾಳಿ ಬರುತ್ತಿತ್ತು. ದಿಕ್ಕು ತೋಚದ ಅಂಪೈರು ಹೆಂಗಸರ ಸಾಲಿನ ಕಡೆ ತಿರುಗಿ, ಮನೆಯವರು ಏನು ಹೇಳುತ್ತೀರಿ ಎಂದು ಅತ್ತೆಯನ್ನೇ ಕೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದುನಿಂತಳು.

"ಹಾಕ್ಕೊಂಡಿದ್ದಾಗ ಅವರ ಮೈದು. ತೆಗೆದಿಟ್ಟಾಗ ಲೋಟದ್ದು. ಈಗ ಎರಡರಲ್ಲೂ ಇಲ್ಲ ಕಣಪ್ಪ, ನಾನೇನು ಹೇಳ್ಲಿ."

ಬಯಲಿಗೆ ಬಯಲೇ ನಗತೊಡಗಿತು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಮಾವನನ್ನು ನೋಡಿದೆ. ಒಳಸೇರಿದ ಬಾಯಿಗೆ ಅಂಗೈ ಅಡ್ಡ ಹಿಡಿದು, ಬ್ಯಾಟನ್ನು ಕಂಕುಳಲ್ಲಿ ಅವುಚಿಕೊಂಡು, ಒಬ್ಬನೇ ನಿಂತಿದ್ದ. ಆಗ ಖಾದರ್ ಸಾಬರು ಬಗ್ಗಿದರು. ಹಲ್ಲನ್ನೆತ್ತಿ, ಬಾಟಲಿಯ ನೀರಿನಲ್ಲಿ ತೊಳೆದು, ತಮ್ಮ ಕರವಸ್ತ್ರದಲ್ಲಿ ಸುತ್ತಿ, ಬಲೆಯ ಕೆಳಗೆ ನುಸುಳಿ ಬಂದು ಮಾವನ ಕೈಗೆ ಕೊಟ್ಟರು. ಜನಕ್ಕೆ ಕಾಣದಂತೆ ತಮ್ಮ ಅಗಲವಾದ ಬೆನ್ನನ್ನು ಅಡ್ಡಮಾಡಿ ನಿಂತುಕೊಂಡರು. "ಹಾಕ್ಕೋ ಆಂಜಿನಪ್ಪ, ನಿಧಾನವಾಗಿ. ನಾವು ಕಾಯ್ತೀವಿ" ಎಂದರಂತೆ.

ಆ ಪಾಯಿಂಟನ್ನು ಮತ್ತೆ ಆಡಿಸಿದರು. ಮಾವ ಮತ್ತೆ ಕಟ್ ಹೊಡೆದ. ಖಾದರ್ ಸಾಬರ ಬ್ಯಾಟು ಒಂದು ಗೇಣು ಈಚೆಗೆ ನಿಂತಿತು. ಜಂಗಮಕೋಟೆ ಗೆದ್ದಿತು. ಮಾವನನ್ನು ಹೆಗಲ ಮೇಲೆ ಹೊತ್ತರು.

ಮುಂದಿನ ಭಾನುವಾರ ಅವನು ಆಡಲು ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಈ ಸಲ ಘೋಷಣೆ ಇರಲಿಲ್ಲವಾದ್ದರಿಂದ ಇದು ನಿವೃತ್ತಿ ಎಂದು ಯಾರಿಗೂ ಹೊಳೆಯಲಿಲ್ಲ. ಹಲ್ಲಿನ ಅವಮಾನಕ್ಕೆ ಮುನಿಸಿಕೊಂಡಿದ್ದಾನೆ ಎಂದುಕೊಂಡರು. ನಾನೂ ಹಾಗೇ ತಿಳಿದು, ಜನ ನಗಬಾರದಿತ್ತು ಎಂದು ಸಮಾಧಾನ ಹೇಳಲು ಹೋದೆ. ಮಾವ ತಲೆಯಾಡಿಸಿದ. ಜನ ನಕ್ಕಿದ್ದಕ್ಕೆ ಅವನಿಗೆ ಬೇಜಾರೇ ಇರಲಿಲ್ಲ. ತಾನು ನೋಡುವ ಜಾಗದಲ್ಲಿದ್ದಿದ್ದರೆ ನಕ್ಕೂ ನಕ್ಕೂ ಉರುಳಾಡುತ್ತಿದ್ದೆ ಎಂದ. ಆಮೇಲೆ ಹೇಳಿದ:

"ಎರಡನೇ ಸಲ ಹೊಡೆದ್ನಲ್ಲ, ಆ ಕಟ್ಟು ಅವನಿಗೆ ಸಿಗೋದು ಕಣಮ್ಮ. ಬೇಕಂತ ಬಿಟ್ಟ. ಅವನಿಗೆ ನನ್ನ ಮೇಲೆ ಕನಿಕರ ಬಂತು. ಎದುರಿಗಿರೋನಿಗೆ ಕನಿಕರ ಬಂದ್ಮೇಲೆ ಇನ್ನೆಂಥ ಆಟ."

ಬೇಕೆಂದು ಬಿಟ್ಟರೋ, ನಿಜವಾಗಿ ಸಿಗಲಿಲ್ಲವೋ, ಖಾದರ್ ಸಾಬರು ಇವತ್ತಿನ ತನಕ ಬಾಯಿ ಬಿಟ್ಟಿಲ್ಲ. ಆದರೆ ಕೆಲವು ತಿಂಗಳು ನೋಡಿ, ಒಂದು ದಿನ ತಾವೇ ಜಂಗಮಕೋಟೆಗೆ ಬಂದರಂತೆ. ಇಬ್ಬರೂ ಜಗಲಿಯ ಮೇಲೆ ಕೂತರು. ಅಲ್ಲಿ ಅತ್ತೆ ಪಕ್ಕದ ಮನೆಯವಳ ಜೊತೆ ಆಡಲು ಸೀಮೆಸುಣ್ಣದಲ್ಲಿ ಬರೆದಿದ್ದ ಚೌಕಾಬಾರದ ಮನೆಗಳಿದ್ದವು. ಏನಾದರೊಂದು ಮಾಡಬೇಕಲ್ಲ ಎಂದು ಖಾದರ್ ಸಾಬರು ಕವಡೆ ಎತ್ತಿಕೊಂಡರು. ಮಾವನ ಕಾಯಿ ಸುತ್ತೆಲ್ಲ ಮುಗಿಸಿ ಇನ್ನೊಂದು ಮನೆ ದಾಟಿ ನಡುಮನೆ ಸೇರಿ ಹಣ್ಣಾಗಬೇಕು ಎನ್ನುವಾಗ ಅದನ್ನು ಹೊಡೆದು ಆಚೆ ಎಸೆದರಂತೆ. ಅವತ್ತು ಮಾವ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದ ಎಂದು ಅತ್ತೆ ಹೇಳುತ್ತಾಳೆ.

ಮೊನ್ನೆ ನಾನು ಹೋದಾಗಲೂ ಜಗಲಿಯಲ್ಲಿ ಆಟ ನಡೆದಿತ್ತು. ಎಪ್ಪತ್ತು ದಾಟಿದ ಇಬ್ಬರೂ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು, ಒಂದು ಬದಿಗೆ ಅತ್ತೆ. ನಾಲ್ಕನೆಯ ಕೈ ಬೇಕಿತ್ತು ಎಂದು ನನ್ನನ್ನು ಕಾಫಿ ಕುಡಿಯಲೂ ಬಿಡದೆ ಕೂರಿಸಿಕೊಂಡರು. ನಾನು ನಿವೃತ್ತಿಯ ವಿಷಯ ಎತ್ತಿದೆ. ಮನೆಯಲ್ಲಿ ಎಲ್ಲರೂ ಎಷ್ಟು ಒಳ್ಳೆಯವರಾಗಿಬಿಟ್ಟಿದ್ದಾರೆ, ಅದೇ ಸಹಿಸಲಾಗುತ್ತಿಲ್ಲ ಎಂದೆ. ಮೂವರೂ ಹೂಂ ಹೂಂ ಎಂದರು, ಕಣ್ಣು ಮಾತ್ರ ಕವಡೆಯ ಮೇಲೆ. ಹೇಳುತ್ತಾ ಹೇಳುತ್ತಾ ನನ್ನ ಮೂರು ಕಾಯಿ ಹಣ್ಣಾದವು. ನಾಲ್ಕನೆಯದೂ ನಡುಮನೆಯ ಬಾಗಿಲಿಗೆ ಬಂತು. ಮಾವ ಕವಡೆ ಬಿಟ್ಟ, ಎಣಿಸಿದ, ನನ್ನ ಕಾಯಿಯನ್ನು ಹೊಡೆದು ಅಂಗಳಕ್ಕೆ ಬೀಳುವ ಹಾಗೆ ಎಸೆದ.

"ಹೊರಗೆ ಹೋಗಿ ಮೇಡಂ, ಮೊದಲಿಂದ ಬನ್ನಿ" ಎಂದರು ಖಾದರ್ ಸಾಬರು.

ಒಂದು ಕವಡೆ ವಾರೆಯಾಗಿ ಬಿದ್ದಿದೆ, ಅದು ಲೆಕ್ಕಕ್ಕಿಲ್ಲ ಎಂದೆ. ಮಾವ ಒಪ್ಪಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಏನು ಪಾಠ ಹೇಳಿದೆ, ನೆಟ್ಟಗೆ ಬಿದ್ದದ್ದಕ್ಕೂ ವಾರೆಯಾಗಿ ಬಿದ್ದದ್ದಕ್ಕೂ ವ್ಯತ್ಯಾಸ ತಿಳಿಯದೇ ಎಂದು ಹೀಯಾಳಿಸಿದ. ಅತ್ತೆಯನ್ನು ಕೇಳಿದರೆ ಅವಳೂ ಅವನ ಕಡೆ. ನನ್ನ ದನಿ ಎಷ್ಟು ಏರಿತೆಂದರೆ ರಸ್ತೆಯಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದವರು ನಿಂತು ನೋಡಿದರು. ಮೂವರ ಮೇಲೂ ಒಟ್ಟಿಗೆ ಜಗಳಕ್ಕೆ ನಿಂತೆ. ಅಂಗಳಕ್ಕಿಳಿದು ಕಾಯಿ ಹುಡುಕಿ ತಂದು ಮತ್ತೆ ಕೂತೆ. ಸಂಜೆಯ ಬಸ್ಸು ಮನೆಯ ಮುಂದೆಯೇ ಹೋಯಿತು. ಯಾರೂ ತಲೆಯೆತ್ತಲಿಲ್ಲ.

ಆಮೇಲೆ ಮಗ ಫೋನು ಮಾಡಿದ. ಅದೇ ಮೆಲುದನಿ. ಹುಷಾರಾಗಿದೀಯಾ ಅಮ್ಮ, ಸುಸ್ತಾಯ್ತಾ, ಬಂದು ಕರ್ಕೊಂಡು ಹೋಗ್ಲಾ ಎಂದ.

"ನಾಳೆ ಬರ್ತೀನಿ, ಇಡಪ್ಪ ಫೋನು" ಎಂದೆ. "ನನ್ನ ಕಾಯಿ ಒಂದು ಇನ್ನೂ ಹೊರಗಡೆ ಇದೆ."