ಖಾನಾಪುರದಲ್ಲಿ ಸುರಿದ ಚುರಮುರಿ

ಖಾನಾಪುರದಲ್ಲಿ ಆ ಮಧ್ಯಾಹ್ನ, ಸತ್ತು ಬಿದ್ದಿದ್ದ ವಿಧವೆಯ ಮೇಲೆ ಚುರಮುರಿ ಸುರಿದವಳು ನಾನು. ವಿಠೋಬಾ ಅಲ್ಲ. ಈ ಮಾತನ್ನು ಎರಡು ವರ್ಷ ನುಂಗಿಕೊಂಡು ಬೆಳಗಾವಿಯ ಅನಗೋಳದ ಓಣಿಯಲ್ಲಿ ತಲೆಯೆತ್ತಿ ಓಡಾಡಿದ್ದೇನೆ. ಮೂವತ್ತು ವರ್ಷ ಸಾಲೆಯಲ್ಲಿ ಮಕ್ಕಳ ಸುಳ್ಳುಗಳನ್ನು ಕಿವಿ ಹಿಂಡಿ ಹೊರಗೆಳೆದ ನಾನು!

ನಾಟಕ ಚೀನಾ ದೇಶದ್ದು, ಬಹಳ ಹಳೆಯದು. ಯಾರದೋ ಸುಳ್ಳು ಸಾಕ್ಷಿಯಿಂದ, ಮಾಡದ ಕೊಲೆಗೆ, ಬಡ ವಿಧವೆಯೊಬ್ಬಳ ತಲೆ ಹೋಗುತ್ತದೆ. ನಾನು ನಿರಪರಾಧಿಯಾಗಿದ್ದರೆ ಈ ನಡುಬೇಸಿಗೆಯಲ್ಲೇ ಹಿಮ ಬೀಳಲಿ ಎಂದು ಹೇಳಿ ಸಾಯುತ್ತಾಳೆ. ಹಿಮ ಬೀಳುತ್ತದೆ. ಮುಂದೆ ಅಧಿಕಾರಿಯಾಗಿ ಬಂದ ಅವಳ ಅಪ್ಪ ಮಗಳ ಕಳಂಕ ತೊಳೆಯುತ್ತಾನೆ. ಇದನ್ನು ನಮ್ಮ ಹವ್ಯಾಸಿ ತಂಡಕ್ಕೆ ತಂದವಳು ವಂದನಾ— ನನ್ನ ಹಳೆಯ ವಿದ್ಯಾರ್ಥಿನಿ, ಎಲ್ಲೆಲ್ಲೋ ನಾಟಕ ಕಲಿತು ಬಂದವಳು. ಅವಳ ಆಟದಲ್ಲಿ ಪರದೆ ಇಲ್ಲ, ಬಣ್ಣ ಇಲ್ಲ. ಒಬ್ಬಳೇ ವಿಧವೆಯ ಪಾತ್ರಕ್ಕೆ ಸರದಿಯ ಮೇಲೆ ಐದು ಜನ ಹೆಂಗಸರು, ಐವರಿಗೂ ಸೇರಿ ಒಂದೇ ಬಿಳಿ ಚಾದರ. ನ್ಯಾಯಾಧೀಶ ಏಣಿಯ ಮೇಲೆ. ಕೊನೆಗೆ ಹಿಮವೂ ಇಲ್ಲ, ಒಂದು ನಿಮಿಷದ ಮೌನ ಅಷ್ಟೇ.

"ಹಿಮಾ ನೋಡೋರ ತಲಿಯೊಳಗ ಬೀಳಬೇಕ್ರಿ, ಅಕ್ಕೋರ," ಅನ್ನುತ್ತಿದ್ದಳು.

ವಿಠೋಬಾ ಖಾನಾಪುರದ ಟೇಲರ್. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ. ನಾಟಕದವರಿಗೆ ಅಂಗಿ ಹೊಲಿದುಕೊಡುತ್ತಲೇ ತಲೆ ನರೆತಿತ್ತು. ಮಾತಿರುವ ಪಾತ್ರ ಅವರಿಗೆ ಸಿಕ್ಕಿದ್ದು ಅದೇ ಮೊದಲು: ಕೊನೆಯ ದೃಶ್ಯದ ಅಪ್ಪ. "ಬೆಳಗಾವಿಯೊಳಗ ಮಾಡಿದ್ದು ಬರೇ ತಾಲೀಮು. ಖರೇ ನಾಟಕ ನಮ್ಮೂರಾಗ ನೋಡ್ರಿ," ಎಂದು ಇಡೀ ಓಣಿಗೆ ಆಮಂತ್ರಣ ಕೊಟ್ಟಿದ್ದರು. ತಾಲೀಮಿನಲ್ಲಿ ಒಂದೇ ಒಂದು ಸಲಹೆ ಅವರದು— ಒಂದು ಹಿಡಿ ಹತ್ತಿಯನ್ನಾದರೂ ಹಾರಿಸೋಣ, ಹಿಮ ಕಾಣಲಿ. ಅವರನ್ನು ಎಲ್ಲರಿಗಿಂತ ಜೋರಾಗಿ ಗದರಿ ಕೂರಿಸಿದವಳು ನಾನೇ.

ಖಾನಾಪುರದ ಆಟದಲ್ಲಿ ನಾನು ವೇದಿಕೆಯ ಮೇಲಿನ ಅಟ್ಟದಲ್ಲಿ ದೀಪ ನೋಡಿಕೊಳ್ಳುತ್ತಿದ್ದೆ. ತಂಡದ ಫಳಾರಕ್ಕೆಂದು ತಂದ ಚುರಮುರಿಯ, ಅಂದರೆ ಬರೀ ಬಿಳಿ ಮಂಡಕ್ಕಿಯ, ಬುಟ್ಟಿಯೂ ನನ್ನ ಕಾವಲಿನಲ್ಲೇ ಇತ್ತು, ಕೆಳಗಿಟ್ಟರೆ ಮೊದಲ ದೃಶ್ಯಕ್ಕೇ ಖಾಲಿ. ವಿಧವೆ ಸತ್ತಳು. ಮೌನ ಶುರುವಾಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಪಕ್ಕದವಳಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಹಿಮಾ ಬೀಳಲೇ ಇಲ್ಲಲ್ಲವಾ... ಹಂಗಾರ ಆಕೀನೇ ಕೊಂದಿರಬೇಕು."

ನನಗೆ ತಡೆಯಲಾಗಲಿಲ್ಲ. ಬುಟ್ಟಿಯನ್ನು ಬೋರಲು ಹಾಕಿಬಿಟ್ಟೆ.

ನಮ್ಮ ಕಡೆ ಹೆಣ ಹೊತ್ತು ನಡೆಯುವಾಗ ಮೇಲೆ ಚುರಮುರಿ ತೂರುತ್ತಾರೆ. ಅವಸರದಲ್ಲಿ ಅದು ನನ್ನ ತಲೆಗೇ ಬಂದಿರಲಿಲ್ಲ. ಜನ ಮಾತ್ರ ಹಿಮ ಅಂದುಕೊಳ್ಳಲೇ ಇಲ್ಲ. ಒಬ್ಬೊಬ್ಬರಾಗಿ ಎದ್ದು ನಿಂತರು. ಹತ್ತಿರದ ಬೀಡಿ ಊರಿನಿಂದ ಬಂದಿದ್ದ ನಾಲ್ವರು ವೇದಿಕೆ ಏರಿ, ಚಾದರದ ಸಮೇತ ವಿಧವೆಯನ್ನು ಹೆಗಲಿಗೇರಿಸಿದರು. ಆ ಗಳಿಗೆಯ ವಿಧವೆ ನಮ್ಮ ಶಶಿಕಲಾ, ಬ್ಯಾಂಕಿನ ಗುಮಾಸ್ತೆ, ಮೈತುಂಬಿದ ಹೆಂಗಸು. ಹೊತ್ತವರು ಏದುಸಿರು ಬಿಡುತ್ತಿದ್ದರೆ, ಹೆಣ ಬಾಯಿಗೆ ಬಿದ್ದ ಚುರಮುರಿಯನ್ನು ಮೆಲ್ಲಗೆ ಅಗಿಯುತ್ತಿತ್ತು! ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಸಭಾಗೃಹವೆಲ್ಲ ನಗು, ನಗುತ್ತಲೇ ಕಣ್ಣೊರೆಸಿಕೊಳ್ಳುವವರು, ಬಾಚಿ ಬಾಚಿ ತೂರುವ ಅದೇ ಅಜ್ಜಿ. ಮೆರವಣಿಗೆ ಬಾಗಿಲು ದಾಟಿ ಬಸ್‌ಸ್ಟ್ಯಾಂಡಿನವರೆಗೂ ಹೋಯಿತು. ಅಂಥ ಸಂತೋಷವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಈಗ ಬರೆಯುವಾಗಲೂ ನಗು ಬರುತ್ತಿದೆ— ಬರಬಾರದು.

ಏಕೆಂದರೆ ನಾನು ಕೆಳಗಿಳಿದಾಗ ಖಾಲಿ ಸಭಾಗೃಹದಲ್ಲಿ ವಿಠೋಬಾ ನಿಂತಿದ್ದರು, ತಾವೇ ಹೊಲಿದುಕೊಂಡ ಅಧಿಕಾರಿಯ ಕೋಟು ತೊಟ್ಟು. ಅವರ ದೃಶ್ಯ ಇನ್ನೂ ಬಾಕಿ ಇತ್ತು. ನೋಡಬೇಕಾದ ಅವರ ಓಣಿಯವರೆಲ್ಲ ಹೆಣದ ಹಿಂದೆ ಹೋಗಿದ್ದರು.

ವಂದನಾ ಸಿಟ್ಟಿನಿಂದ ಧಾವಿಸಿ ಬಂದಳು. "ಕಾಕಾ, ನೀವೇ ಅಲ್ಲೇನು? ಹಿಮಾ ಬೇಕು ಅಂತ ಗಂಟು ಬಿದ್ದಿದ್ರಿ!"

"ನಾ ಅಲ್ಲ ತಂಗಿ, ದೇವರಾಣಿ."

ಅವಳು ನನ್ನ ಕಡೆ ತಿರುಗಿದಳು. ವಿಠೋಬಾ ತಮ್ಮ ಸರದಿಗೆ ಕಾದು ನಿಂತಿದ್ದದ್ದು ಅಟ್ಟದ ಮೆಟ್ಟಿಲ ಬಾಜೂಕೇ.

"ಯಾರೋ ಮ್ಯಾಲ ಬಂದಂಗಾತು," ಅಂದೆ ನಾನು. "ನನ್ನ ಲಕ್ಷ್ಯ ದೀಪದ ಮ್ಯಾಲಿತ್ತು."

ಅಷ್ಟೇ. ಹಳೆಯ ವಿದ್ಯಾರ್ಥಿನಿಯ ಮುಂದೆ ಅಕ್ಕೋರ ಮರ್ಯಾದೆ ಉಳಿಯಿತು. ವಿಠೋಬಾ ಕೋಟು ಬಿಚ್ಚಿ, ಮಡಚಿ, ಕುರ್ಚಿಯ ಮೇಲಿಟ್ಟು ಹೋದರು.

ಮುಂದೆ ಹೋದಲ್ಲೆಲ್ಲ ಜನ ಕೇಳಿದ್ದು ಚುರಮುರಿಯನ್ನೇ. ವಂದನಾಳ ಸಿಟ್ಟು ಕರಗಿ, ಈಗ ಪ್ರತಿ ಆಟದಲ್ಲೂ ಅವಳೇ ಸುರಿಸುತ್ತಾಳೆ. ಕ್ಷಮಿಸಿದ್ದೇನೆ, ತಂಡಕ್ಕೆ ಮರಳಿ ಬನ್ನಿ ಎಂದು ವಿಠೋಬಾಗೆ ಹೇಳಿಯೂ ಕಳಿಸಿದ್ದಳು. "ಮಾಡಲಾರದ್ದಕ್ಕ ಮಾಫಿ ಹೆಂಗ ತಗೊಳ್ಳೂದವಾ?" ಅಂದರಂತೆ.

ನಾವು ಜೈನರು. ವರ್ಷಕ್ಕೊಮ್ಮೆ ಕ್ಷಮಾವಾಣಿಯ ದಿನ ಎಲ್ಲರ ಕ್ಷಮೆ ಕೇಳುತ್ತೇವೆ. ಎರಡು ಸಲವೂ ವಿಠೋಬಾಗೆ ಫೋನು ಮಾಡಿದೆ— ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದೆ. "ನಿಮ್ಮದೇನ್ ತಪ್ಪರಿ ಅಕ್ಕೋರ!" ಎಂದು ನಕ್ಕರು. ಎಲ್ಲರಿಗೂ ಹೇಳುವ ಮಾತಿನೊಳಗೆ ಅವರೊಬ್ಬರಿಗೆ ಹೇಳಬೇಕಾದ್ದನ್ನು ಬಚ್ಚಿಟ್ಟೆ. ಸುಳ್ಳಿಗಿಂತ ಇದು ನನ್ನನ್ನು ಹೆಚ್ಚು ನಾಚಿಸುತ್ತದೆ.

ಹೋದ ವಾರ ವಂದನಾ, ಕೊನೆಯ ಆಟ ಮತ್ತೆ ಖಾನಾಪುರದಲ್ಲಿ ಎಂದಳು. ಆಗಲೇ ಅವಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಅದೇ ದಿನ ಖಾನಾಪುರಕ್ಕೆ ಹೋಗಿ ವಿಠೋಬಾರ ಕೈ ಹಿಡಿದು, ನೀವಲ್ಲ ಅಂತ ಗೊತ್ತಾತು ಅಂದಳಂತೆ. ಯಾರು ಎಂದು ಅವರು ಕೇಳಲಿಲ್ಲ. ಅದನ್ನು ನಾನೇ ಹೇಳುತ್ತೇನೆಂದು ವಂದನಾಗೆ ಮೊದಲೇ ಹೇಳಿದ್ದೆ. ಮತ್ತೆ ಅಪ್ಪನ ಪಾತ್ರ ಮಾಡಲು ಅವರ ಷರತ್ತು ಒಂದೇ: "ನನ್ನ ಮಾತು ಮುಗಿಯೂತನಕ ಆ ಹೆಣಾ ಯಾರೂ ಎತ್ತಬಾರದು!"

ಆ ದೃಶ್ಯದಲ್ಲಿ ಅಪ್ಪ ಪ್ರೇಕ್ಷಕರ ಕಡೆ ತಿರುಗಿ, ನನ್ನ ಮಗಳ ಮೇಲೆ ಸುಳ್ಳು ಹೇಳಿದವರು ಎದ್ದು ನಿಲ್ಲಲಿ ಎನ್ನುತ್ತಾನೆ. ಜನರ ನಡುವೆ ಕೂತ ನಟನೊಬ್ಬ ಏಳುತ್ತಾನೆ. ಈ ಭಾನುವಾರ ಆ ಜಾಗವನ್ನು ನಾನು ಕೇಳಿ ಪಡೆದಿದ್ದೇನೆ. ವಿಠೋಬಾಗೆ ಇದು ಗೊತ್ತಿಲ್ಲ. ಅವರ ಊರು, ಅವರ ಓಣಿಯ ಜನ, ಎದುರಿಗೆ ಅವರು— ನಾನು ಎದ್ದು ನಿಂತು ನನ್ನ ಹೆಸರನ್ನೇ ಹೇಳುತ್ತೇನೆ.