ಮೂರನೇ ರೂಮಿನವಳು ನೋಡದ ಆಟ

ಆ ಹುಡುಗಿ ಸೋತಿದ್ದಳು. ನಾನು ಗೆದ್ದಳು ಎಂದು ಹೇಳಿದೆ. ಅದನ್ನು ಕೇಳಿ ಮೂರನೇ ರೂಮಿನವಳು ಊರಿಗೆ ಹೋದಳು, ಹೋಗಿ ಒಂದು ಕಣ್ಣು ಕಳೆದುಕೊಂಡಳು. ನಡೆದದ್ದು ಇಷ್ಟೇ.

ಈಗ ಯಾಕೆ ನೆನಪಾಯಿತೆಂದರೆ, ಹೋದ ತಿಂಗಳು ನನ್ನ ಕಣ್ಣಿನ ಪೊರೆಯನ್ನೂ ತೆಗೆದರು. ಆಸ್ಪತ್ರೆಯವರು ಒಂದು ಕಪ್ಪು ಕನ್ನಡಕ ಕೊಟ್ಟರು, ಪಕ್ಕಗಳೂ ಮುಚ್ಚಿರುವಂಥದ್ದು. ಹಾಕಿಕೊಂಡ ಕೂಡಲೇ ಅಗ್ಗದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ನನಗೆ ಗೊತ್ತು. ಮೂರನೇ ರೂಮಿನ ಗೋಡೆಯ ಮೊಳೆಗೆ ನೇತುಬಿದ್ದಿದ್ದ ಇಂಥದೇ ಕನ್ನಡಕವನ್ನು ನಾನೇ ಕೈಯಾರೆ ಇಳಿಸಿ ಟಿವಿಯ ಹಿಂದೆ ಇಟ್ಟಿದ್ದೆ…

ಬಾಗಲಗುಂಟೆಯಲ್ಲಿ ನಮ್ಮ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಸಾಲಾಗಿ ಆರು ಬಾಡಿಗೆ ರೂಮುಗಳಿವೆ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು ಬರುತ್ತಾರೆ, ಇರುತ್ತಾರೆ, ಬಿಟ್ಟು ಹೋಗುತ್ತಾರೆ. ಅವರ ಹೆಸರುಗಳನ್ನೆಲ್ಲ ನಾನು ತಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ರೂಮಿನ ನಂಬರು ಸಾಕು. ಅವಳು ಮೂರನೇ ರೂಮಿನವಳು. ಗದಗದ ಕಡೆಯವಳು, ಐವತ್ತರ ಹತ್ತಿರದವಳು, ಒಬ್ಬಳೇ. ಸ್ಪ್ರಿಂಗ್ ಮಾಡುವ ಕಾರ್ಖಾನೆಯಲ್ಲಿ ದೀಪದ ಕೆಳಗೆ ಕೂತು, ಸೊಟ್ಟಗಿರುವ ಸ್ಪ್ರಿಂಗುಗಳನ್ನು ಬೇರೆ ಮಾಡುವ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಹನ್ನೊಂದು ವರ್ಷ ಆರಿಸಿದಳು.

ಬೆಂಗಳೂರಿಗೆ ಬಂದ ಹೊಸತರಲ್ಲಿ ಅವಳು ಯಾವುದೋ ಟೆನಿಸ್ ಕ್ಲಬ್ಬಿನಲ್ಲಿ ಕಸ ಗುಡಿಸುತ್ತಿದ್ದಳಂತೆ. ಆಟದ ಹುಚ್ಚು ಹತ್ತಿದ್ದು ಅಲ್ಲಿ. ಜೂನ್ ಮುಗಿಯುವ ಹೊತ್ತಿಗೆ, ಪರದೇಶದಲ್ಲಿ ಹುಲ್ಲಿನ ಮೇಲೆ ಆಡುವ ದೊಡ್ಡ ಪಂದ್ಯ ಟಿವಿಯಲ್ಲಿ ಬರುತ್ತದೆ. ಅವಳ ಬಳಿ ಟಿವಿ ಇರಲಿಲ್ಲ. ಬೆಳಗಿನ ಷಿಫ್ಟು ಮುಗಿಸಿ ಬಂದು ನಮ್ಮ ಹಜಾರದ ಹೊಸ್ತಿಲ ಬಳಿ ಕೂರುತ್ತಿದ್ದಳು. ಯಾರನ್ನೂ ಸುಮ್ಮನೆ ಕೂರಲು ಬಿಡುವವಳು ನಾನಲ್ಲ. ಮೊರದಲ್ಲಿ ಹುರುಳಿಕಾಯಿ ಹಾಕಿ ಕೊಡುತ್ತಿದ್ದೆ, ನಾರು ತೆಗೆಯುತ್ತಾ ಆಟ ನೋಡುತ್ತಿದ್ದಳು. ನಾನು ನೋಡುತ್ತಿದ್ದುದು ಹುಲ್ಲನ್ನು. ಅಷ್ಟೊಂದು ಹಸಿ ಹುಲ್ಲು, ಮೇಯಲು ಒಂದು ಹಸುವಿಲ್ಲ. ಎರಡನೇ ವಾರಕ್ಕೆ ಆಡುವವರು ನಿಲ್ಲುವ ಜಾಗ ಕೊಟ್ಟಿಗೆಯ ಬಾಗಿಲ ಹಾಗೆ ತುಳಿದು ಬೋಳಾಗಿರುತ್ತಿತ್ತು.

ಗಂಡಸರ ಆಟ ಅವಳಿಗೆ ಬೇಡ. ಹೆಂಗಸರಲ್ಲೂ ಹೆಸರು ಮಾಡಿದವರು ಬೇಡ. ಯಾವ ದೇಶದಲ್ಲಿ ಪಂದ್ಯ ನಡೆಯುತ್ತದೋ ಅದೇ ದೇಶದ ಹುಡುಗಿಯರು ಮಾತ್ರ ಬೇಕು. ಹಳೆಯ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಅವರ ಹೆಸರುಗಳನ್ನು ಬರೆದುಕೊಂಡು ಬರುತ್ತಿದ್ದಳು. ಸೋತವರ ಹೆಸರಿಗೆ ಗೀಟು. ಸೋಮವಾರ ಉದ್ದದ ಪಟ್ಟಿ ಇರುತ್ತಿತ್ತು. ಗುರುವಾರದ ಹೊತ್ತಿಗೆ ಗೀಟುಗಳ ನಡುವೆ ಒಂದೋ ಎರಡೋ ಹೆಸರು.

“ನಮ್ಮನ್ನ ಆಳ್ದೋರ ಮನೆ ಹೆಣ್ಮಕ್ಳು ಕಣೆ ಅವ್ರು. ನಿಂಗ್ಯಾಕೆ ಅವ್ರ ಉಸಾಬರಿ?” ಎಂದು ಒಮ್ಮೆ ಕಿಚಾಯಿಸಿದೆ.

“ಹೊರಗಿನಾಕಿ ಸೋತ್ರ ವಿಮಾನ ಹತ್ತಿ ಹೋಗಿಬಿಡ್ತಾಳ್ರಿ ಅಕ್ಕಾರ,” ಎಂದಳು. “ಊರಾಕಿ ಸೋತ್ರ ಮರುದಿನ ಮುಂಜಾನೆ ಅದ ಓಣ್ಯಾಗ ಹಾಲು ತರಾಕ ಹೋಗಬೇಕು. ಎಲ್ಲಾರೂ ಮಾರಿ ನೋಡ್ತಾರ.”

ಅವಳು ಅಂಥ ಓಣಿಯನ್ನು ಬಿಟ್ಟು ಬಂದವಳು. ಮದುವೆಯಾದ ಮೂರೇ ತಿಂಗಳಿಗೆ ಗಂಡನ ಮನೆ ಬಿಟ್ಟು ತವರಿಗೆ ಬಂದಳಂತೆ. ಅಪ್ಪ ಬಾಗಿಲು ತೆಗೆಯಲಿಲ್ಲವಂತೆ. ಹಾಗೇ ಬೆಂಗಳೂರಿನ ಬಸ್ಸು ಹತ್ತಿದಳು. ಇಪ್ಪತ್ತಾರು ವರ್ಷ ಅತ್ತ ತಲೆ ಹಾಕಿರಲಿಲ್ಲ.

ಮೂರು ವರ್ಷದ ಹಿಂದೆ, ಅದೇ ಪಂದ್ಯದ ದಿನಗಳಲ್ಲಿ, ಅವಳ ಕಣ್ಣಿನ ಆಪರೇಷನ್ ಆಯಿತು. ಒಂದು ಕಣ್ಣಿಗೆ ಮಾಡಿದ್ದರು. ಇನ್ನೊಂದು ಕಣ್ಣು ಮೊದಲೇ ಮಸುಕು. ಒಂದು ತಿಂಗಳು ಬಸ್ಸು ಬೇಡ, ಧೂಳು ಬೇಡ, ಟಿವಿ ಬೇಡ, ಕಪ್ಪು ಕನ್ನಡಕ ತೆಗೆಯಬೇಡ ಎಂದು ಹೇಳಿ ಕಳಿಸಿದ್ದರು. ಮನೆಗೆ ಬಂದ ಎರಡನೇ ದಿನ ಊರಿಂದ ಫೋನ್ ಬಂತು. ಅಪ್ಪ ಎಂದೋ ಸತ್ತಿದ್ದ. ಈಗ ತಾಯಿ ಹಾಸಿಗೆ ಹಿಡಿದಿದ್ದಳು, ಮಗಳ ಹೆಸರು ಹಿಡಿದು ಕರೆಯುತ್ತಿದ್ದಳು. ಒಮ್ಮೆ ಬಂದು ಹೋಗು ಎಂದು ಅಣ್ಣನ ಹೆಂಡತಿ ಹೇಳಿದಳಂತೆ. ಅಣ್ಣ ಮಾತಾಡಲಿಲ್ಲವಂತೆ. ಅಣ್ಣ ಬಾಗಿಲು ತೆಗೆಯುತ್ತಾನೋ ಇಲ್ಲವೋ, ಇವಳಿಗೆ ಅದೇ ದಿಗಿಲು. ಊಟ ಮಾಡಲಿಲ್ಲ. ಕತ್ತಲು ರೂಮಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು.

“ನಮ್ಮ ಮಾರಮ್ಮನ ಗುಡಿಗೆ ಬಾ, ಹೂ ಕೇಳ್ಸಾನ. ಬಲಕ್ಕೆ ಬಿದ್ರೆ ಓಗು, ಎಡಕ್ಕೆ ಬಿದ್ರೆ ಬಿಡು. ಇಂಗೆ ಕುಂತ್ರೆ ಏನಾಗತ್ತೆ?” ಎಂದೆ.

“ಮದವಿ ಮುಂದನೂ ಹೂವು ಬಲಕ್ಕ ಬಿದ್ದಿತ್ರಿ,” ಎಂದಳು. ಕ್ಯಾಲೆಂಡರ್ ಹಾಳೆಯನ್ನು ಮಡಿಲಿಗೆ ಎಳೆದುಕೊಂಡು, “ಪಟ್ಟಿಯೊಳಗ ಒಬ್ಬಾಕಿನ ಉಳದಾಳ. ಇವತ್ತು ಸಂಜಿಗೆ ಅಕಿ ಆಟ ಐತಿ. ಅಕಿ ಗೆದ್ರ ನಾ ನಾಳೆ ಊರಿಗೆ ಹೋಗ್ತೀನಿ. ಸೋತ್ರ ಇಲ್ಲ. ನೀವ ನೋಡಿ ಬಂದು ಹೇಳ್ರಿ ಅಕ್ಕಾರ.”

“ನಂಗೆ ಅವ್ರಲ್ಲಿ ಊರೋಳು ಯಾರು, ಬೇರೆಯೋಳು ಯಾರು ಅಂತ ಎಂಗೆ ಗೊತ್ತಾಗಬೇಕು?”

“ಜನ ಯಾರಿಗೆ ಜೋರ ಚಪ್ಪಾಳಿ ಬಡೀತಾರ ನೋಡ್ರಿ. ಅಕಿನ ನಮ್ಮಾಕಿ.”

ಸೊಸೆ ಇನ್ನೂ ಕೆಲಸದಿಂದ ಬಂದಿರಲಿಲ್ಲ. ನಾನೊಬ್ಬಳೇ ಟಿವಿ ಮುಂದೆ ಕೂತೆ. ಅಲ್ಲಿ ಎಲ್ಲರೂ ಬಿಳಿ ಬಟ್ಟೆಯನ್ನೇ ತೊಡಬೇಕಂತೆ. ಇಬ್ಬರಿಗೂ ಒಂದೇ ಬಿಳಿ, ಇಬ್ಬರಿಗೂ ಜಡೆ. ಆದರೆ ಚಪ್ಪಾಳೆ ಸುಳ್ಳಲ್ಲ. ಎತ್ತರದವಳು ಚೆಂಡು ಹೊಡೆದಾಗ ಊರೇ ಕೂಗುತ್ತಿತ್ತು. ಸರಿ, ಇವಳೇ. ಪರದೆಯ ಮೂಲೆಯ ಲೆಕ್ಕ ನನಗೆ ತಿಳಿಯದು, ನಾನು ಓದಿದ್ದು ನಾಲ್ಕನೇ ಕ್ಲಾಸು. ಆಟ ಮುಗಿಯಿತು. ಇಬ್ಬರೂ ಬಲೆಯ ಹತ್ತಿರ ಬಂದು ಕೈ ಹಿಡಿದುಕೊಂಡರು. ಗಿಡ್ಡನೆಯವಳು ಹೋಗಿ ಕುರ್ಚಿಯ ಮೇಲೆ ಕೂತು ಮುಖಕ್ಕೆ ಟವಲು ಒತ್ತಿಕೊಂಡು ಅತ್ತಳು. ಎತ್ತರದವಳು ಬ್ಯಾಗು ಹೆಗಲಿಗೇರಿಸಿ, ನಗುತ್ತಾ ಕೈ ಬೀಸುತ್ತಾ ಹೊರಗೆ ನಡೆದಳು. ಕೂತಿದ್ದ ಜನವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಅತ್ತವಳ ಬಾಯಿಗೆ ಮೈಕು ಹಿಡಿದರು. ಯಾಕಮ್ಮಾ ಸೋತೆ ಎಂದು ಕೇಳುತ್ತಿದ್ದಾರೆ ಅಂದುಕೊಂಡೆ. ನಮ್ಮ ಕಡೆ ಸೋತವರು ಅಳುತ್ತಾರೆ. ಸೋತವರಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು ನಾನು ನನ್ನ ಜನ್ಮದಲ್ಲಿ ನೋಡಿಲ್ಲ.

ಮೂರನೇ ರೂಮಿಗೆ ಹೋಗಿ, “ಗೆದ್ಲು ಕಣೆ ನಿನ್ನ ಊರೋಳು,” ಎಂದೆ.

“ಖರೇನ್ರಿ?”

“ಇನ್ನೇನು? ಜನ ಎಲ್ಲಾ ಎದ್ದು ನಿಂತ್ಕಂಡು ಚಪ್ಪಾಳೆ ತಟ್ಟುದ್ರು. ಬ್ಯಾಗು ಏರಿಸ್ಕಂಡು, ಕೈ ಬೀಸ್ಕಂಡು, ರಾಣಿ ಅಂಗೆ ಹೊಂಟೋದ್ಲು. ಇನ್ನೊಬ್ಳು ಅಲ್ಲೇ ಕುಂತ್ಕಂಡು ಅಳ್ತಾವ್ಳೆ.”

ಕಪ್ಪು ಕನ್ನಡಕದ ಹಿಂದೆ ಕಣ್ಣು ತೆರೆದಿತ್ತೋ ಮುಚ್ಚಿತ್ತೋ ಕಾಣಲಿಲ್ಲ. ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂತು, “ಹಂಗಾರ ಹೋಗ್ತೀನ್ರಿ,” ಎಂದಳು.

ಮರುದಿನ ಬೆಳಿಗ್ಗೆ ಹೊರಡುವಾಗ ಕನ್ನಡಕ ತೆಗೆದು ಮೊಳೆಗೆ ಹಾಕಿದಳು. ಹಾಕಿಕೊಂಡು ಹೋಗೇ ಎಂದು ಗದರಿದೆ. “ಅವ್ವ ನನ್ನ ಮಾರಿ ನೋಡಿ ಇಪ್ಪತ್ತಾರು ವರ್ಷ ಆತ್ರಿ. ಇದನ್ನ ಹಾಕ್ಕೊಂಡು ಹೆಂಗ ನಿಂದ್ರಲಿ ಅಕಿ ಮುಂದ?” ಎಂದಳು. ನಾನು ಇನ್ನೊಂದು ಸಲ ಹೇಳಲಿಲ್ಲ. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಹತ್ತಿದಳು.

ಒಂದು ಗಂಟೆಯೂ ಆಗಿರಲಿಲ್ಲ. ಸೊಸೆ ಫೋನಿನಲ್ಲಿ ನೋಡಿ, “ಅಯ್ಯೋ ಅತ್ತೆ, ಆ ಹುಡ್ಗಿ ಸೋತೋಗಿದಾಳೆ. ಮೈಕಲ್ಲಿ ಮಾತಾಡ್ಸೋದು ಗೆದ್ದೋರನ್ನ,” ಎಂದಳು. ಬಸ್ಸು ತುಮಕೂರು ಕೂಡ ದಾಟಿರಲಿಲ್ಲ. ಅವಳ ನಂಬರು ನನ್ನಲ್ಲಿತ್ತು. ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಅಣ್ಣ ಬಾಗಿಲು ತೆಗೆದಿದ್ದ. ತಾಯಿ ಆಮೇಲೆ ಹತ್ತೊಂಬತ್ತು ದಿನ ಬದುಕಿದ್ದಳು, ಮಗಳ ಕೈ ಬಿಡದೆ. ಆ ದಿನಗಳಲ್ಲೇ ಇವಳ ಕಣ್ಣು ಕೆಂಪಾಯಿತು, ಕೀವು ಬಂತು. ತಾಯಿಯನ್ನು ಬಿಟ್ಟು ಆಸ್ಪತ್ರೆಗೆ ಹೋಗಲಿಲ್ಲ. ಹೋಗುವ ಹೊತ್ತಿಗೆ ಕಣ್ಣು ಹೋಗಿತ್ತು. ಇದನ್ನೆಲ್ಲ ಅವಳೇ ಫೋನಿನಲ್ಲಿ ಹೇಳಿದಳು. “ಸ್ಪ್ರಿಂಗ್ ಆರಿಸೂದು ಇನ್ನ ಆಗೂದಿಲ್ರಿ ಅಕ್ಕಾರ. ರೂಮು ಯಾರಿಗಾರ ಕೊಡ್ರಿ,” ಎಂದಳು. ಕೊಟ್ಟೆ. ಆಟದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಫೋನು ಕಡಿಮೆಯಾಗಿ, ನಿಂತೇ ಹೋಯಿತು…

ಹೋದ ತಿಂಗಳು, ನನ್ನ ಆಪರೇಷನ್ ಆಗಿ ನಾಲ್ಕನೇ ದಿನ ಸಂಜೆ, ಅವಳ ನಂಬರಿನಿಂದಲೇ ಫೋನ್ ಬಂತು. ಮಾತಾಡಿದ್ದು ಅವಳ ಅಣ್ಣನ ಹೆಂಡತಿ. ಜ್ವರ ಬಂದಿತ್ತು, ಎಂಟು ದಿನಕ್ಕೆ ಹೋಗಿಬಿಟ್ಟಳು ಎಂದಳು.

“ನಿಮ್ಮನ್ನ ಭಾಳ ನೆನಸ್ತಿದ್ಲ್ರಿ. ‘ನಾ ಅಂಜಿ ಕುಂತಿದ್ದೆ, ಬೆಂಗಳೂರಿನ ಅಕ್ಕಾರು ಬೇಕಂತಲೇ ಸುಳ್ಳು ಹೇಳಿ ನನ್ನ ಅವ್ವನ ಕಡೆ ಕಳಿಸಿದ್ರು’ ಅಂತಿದ್ಲು. ಆ ಆಟದಾಗ ಸೋತಾಕಿನ ಮೊದಲ ಚೀಲ ಹೊತಗೊಂಡು ಹೊರಗ ಹೋಗೂದಂತ. ಬ್ಯಾಗು ಏರಿಸ್ಕೊಂಡು ಹೋದ್ಲು ಅಂತ ನೀವು ಹೇಳಿದ ಕೂಡ್ಲೆ, ಆ ಹುಡುಗಿ ಸೋತಾಳಂತ ಅಕಿಗೆ ತಿಳಿದಿತ್ತಂತ್ರಿ.”

ನಾನು ಹೂಂ ಎಂದೆ. ಅದು ಬೇಕೆಂದು ಹೇಳಿದ ಸುಳ್ಳಲ್ಲ, ನನಗೆ ಆಟ ತಿಳಿಯದು ಅಷ್ಟೇ ಎಂದು ಆ ಹೆಂಗಸಿಗೆ ಹೇಳಿ ಏನು ಮಾಡಲಿ. ಹೇಳಬೇಕಾದವಳು ಇರಲಿಲ್ಲ. ಕಣ್ಣಿಗೆ ನೀರು ತಾಗಬಾರದು ಎಂದು ಡಾಕ್ಟರು ಹೇಳಿದ್ದರು. ನೀರೇನೂ ಬರಲಿಲ್ಲ. ಮುದ್ದೆ ಉಂಡು ಮಲಗಿದೆ.

ಮರುದಿನ ಬೆಳಿಗ್ಗೆ ಎದ್ದು ಕಪ್ಪು ಕನ್ನಡಕವನ್ನು ಟಿವಿಯ ಹಿಂದೆ, ಅವಳದರ ಪಕ್ಕದಲ್ಲಿ ಇಟ್ಟೆ. “ಅತ್ತೆ, ಕನ್ನಡಕ!” ಎಂದು ಸೊಸೆ ಒಳಗಿನಿಂದ ಕೂಗಿದಳು. ಚೀಲ ಹಿಡಿದುಕೊಂಡು, ಎಲ್ಲರೂ ಮುಖ ನೋಡುವ ಹಾಗೆ, ನಮ್ಮ ಓಣಿಯಲ್ಲಿ ನಡೆದು ಹೋಗಿ ಅರ್ಧ ಲೀಟರು ಹಾಲು ತಂದೆ.